ಡಬ್ಬಿ ಬದಲಾದರೆ ರ‍್ಯಾಮ್ ಯಾಕೆ ಸಾಯಬೇಕು?

ನಿನ್ನೆ ಸಂಜೆವರೆಗೆ ಸರಿಯಾಗಿ ಓಡುತ್ತಿದ್ದ ಕಂಪ್ಯೂಟರನ್ನು ಇವತ್ತು ಬೆಳಿಗ್ಗೆ ಹೊಸ ಕ್ಯಾಬಿನೆಟ್‌ಗೆ ಹಾಕುತ್ತಾರೆ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಇಲ್ಲವೇ ಪರದೆ ಬರುತ್ತದೆ, ಆದರೆ 8 ಜಿಬಿ ಇದ್ದ ರ‍್ಯಾಮ್ 4 ಜಿಬಿ ಎಂದು ತೋರಿಸುತ್ತದೆ. ಅದೂ ಇಲ್ಲದಿದ್ದರೆ ಅರ್ಧ ಗಂಟೆ ಚೆನ್ನಾಗಿಯೇ ಓಡಿ, ಅರ್ಜಿ ಸಬ್‌ಮಿಟ್ ಮಾಡುವ ಹೊತ್ತಿಗೆ ಸರಿಯಾಗಿ ನೀಲಿ ಪರದೆ ಬಂದು ನಿಲ್ಲುತ್ತದೆ. ಪೇಟೆಗೆ ಒಯ್ದರೆ ಸಿಗುವ ಉತ್ತರ ಹೆಚ್ಚು ಕಡಿಮೆ ಒಂದೇ: 'ರ‍್ಯಾಮ್ ಹೋಗಿದೆ, ಹೊಸದು ಹಾಕ್ಬೇಕು.'

ಈ ಉತ್ತರವನ್ನು ಕೇಳಿದ ಕೂಡಲೇ ಜೇಬಿಗೆ ಕೈ ಹಾಕಬೇಡಿ ಎಂಬುದು ನಮ್ಮ ವಾದ.

ರ‍್ಯಾಮ್ ಕೆಡುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಸಿಡಿಲು ಬಡಿದಾಗ, ಕರೆಂಟು ವಿಪರೀತ ಏರಿಳಿದಾಗ, ಕೈಯ ಸ್ಟ್ಯಾಟಿಕ್ ವಿದ್ಯುತ್ ತಗುಲಿದಾಗ ಕೆಡುತ್ತದೆ. ಆದರೆ ಅದರೊಳಗೆ ತಿರುಗುವ, ಉಜ್ಜುವ, ಸವೆಯುವ ಭಾಗ ಒಂದೂ ಇಲ್ಲ. ನಿನ್ನೆ ಕೆಲಸ ಮಾಡಿದ್ದು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಬಂದ ಮಾತ್ರಕ್ಕೆ ಸಾಯಲು ಕಾರಣ ಬೇಕು. ಆ ಒಂದು ಗಂಟೆಯಲ್ಲಿ ಬದಲಾದದ್ದು ಏನು? ಬೋರ್ಡ್ ಕೂತ ಜಾಗ, ಅದನ್ನು ಹಿಡಿದ ಸ್ಕ್ರೂಗಳು, ಬಿಚ್ಚಿ ಹಾಕಿದ ವೈರುಗಳು, ಒತ್ತಿದ ಕೈ. ತೊಂದರೆಯನ್ನು ಮೊದಲು ಹುಡುಕಬೇಕಾದ್ದು ಅಲ್ಲಿ. ಅದನ್ನು ಬಿಟ್ಟು ನೇರವಾಗಿ ರ‍್ಯಾಮ್ ಮೇಲೆ ಅಪವಾದ ಹೊರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಳ್ಳಿಯವರು ಓದುವ ಜಾಗದಲ್ಲಿ ಕ್ಯಾಬಿನೆಟ್ ಪುರಾಣ ಯಾಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಹೋಬಳಿಗಳಲ್ಲಿ ಒಂದು ಕಂಪ್ಯೂಟರ್ ಎಂದರೆ ಒಬ್ಬರ ಕಂಪ್ಯೂಟರ್ ಅಲ್ಲ. ಗ್ರಾಮ ಒನ್ ಕೇಂದ್ರದ ಒಂದೇ ಒಂದು ಪೆಟ್ಟಿಗೆ ನಿಂತರೆ ಪಹಣಿ ನಿಲ್ಲುತ್ತದೆ, ಜಾತಿ ಆದಾಯ ಪ್ರಮಾಣಪತ್ರ ನಿಲ್ಲುತ್ತದೆ, ಸ್ಕಾಲರ್‌ಶಿಪ್‌ಗೆ ಕೊನೆಯ ದಿನ ಎಂದು ಕೂಲಿ ಬಿಟ್ಟು ಬಂದ ಅಪ್ಪ ಬರಿಗೈಯಲ್ಲಿ ವಾಪಸ್ ಹೋಗುತ್ತಾನೆ. ಕ್ಯಾಬಿನೆಟ್ ಬದಲಾಯಿಸುವುದು ನಮ್ಮಲ್ಲಿ ಶೋಕಿಗೂ ಅಲ್ಲ. ಇಲಿ ಒಳಗೆ ಸೇರಿ ವೈರು ಕಡಿಯುತ್ತದೆ. ಕರಾವಳಿಯಲ್ಲಿ ತಗಡು ತುಕ್ಕು ಹಿಡಿದು ಉದುರುತ್ತದೆ. ಪವರ್ ಬಟನ್ ಒಳಗೆ ಹೋಗಿ ಕೂತುಬಿಡುತ್ತದೆ. ಮುಂದಿನ ಯುಎಸ್‌ಬಿ ಕಿತ್ತುಹೋಗಿ ಬೆರಳಚ್ಚಿನ ಯಂತ್ರ ಸಿಕ್ಕಿಸಲು ಜಾಗ ಇರುವುದಿಲ್ಲ. ಒಳಗಿನ ಸಾಮಾನು ಗಟ್ಟಿ ಇದೆ, ಡಬ್ಬಿ ಮಾತ್ರ ಹಾಳು ಎಂದಾಗ ಡಬ್ಬಿ ಬದಲಾಯಿಸುವುದೇ ಬುದ್ಧಿವಂತಿಕೆ. ಅದರ ಜೊತೆಗೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಎಲ್ಲ ಕಡೆ ಜೋರಾಗಿ ಏರಿದೆ. ಎಐ ಕೆಲಸದ ದೊಡ್ಡ ದೊಡ್ಡ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದರಿಂದ ನಮ್ಮ ಕೈಗೆ ಸಿಗುವುದು ತುಟ್ಟಿಯಾಗಿದೆ. ಸುಮ್ಮನೆ ಒಂದು ರ‍್ಯಾಮ್ ಹಾಕಿ ನೋಡೋಣ ಎನ್ನುವ ಕಾಲ ಇದಲ್ಲ.

ಒಂದು ಮಾತು ಬಿಡಿಸಿ ಹೇಳಿಬಿಡೋಣ. ಮೆಮೊರಿ ಎಂದರೆ ನಮ್ಮಲ್ಲಿ ಫೋನಿನ ಮೆಮೊರಿ ಕಾರ್ಡು ನೆನಪಿಗೆ ಬರುತ್ತದೆ. ಅದು ಬೇರೆ, ರ‍್ಯಾಮ್ ಬೇರೆ. ಹಾರ್ಡ್ ಡಿಸ್ಕ್ ಕಣಜ ಇದ್ದಂತೆ, ವರ್ಷದ ಕಾಳು ಅಲ್ಲಿರುತ್ತದೆ. ರ‍್ಯಾಮ್ ಕಣ ಇದ್ದಂತೆ. ಒಕ್ಕಣೆ ನಡೆಯುವಾಗ ಮಾತ್ರ ಅಲ್ಲಿ ಕಾಳು, ಕೆಲಸ ಮುಗಿದರೆ ಗುಡಿಸಿದ ನೆಲ. ಕಣದಲ್ಲಿ ಕಲ್ಲು ಸೇರಿದರೆ ಕಣಜದ ಕಾಳಿಗೂ ಕಲ್ಲು ಹೋಗುತ್ತದೆ. ಹಾಗೆಯೇ ರ‍್ಯಾಮ್ ತಪ್ಪು ಓದಿದರೆ ಸೇವ್ ಮಾಡಿದ ಫೈಲೂ ಕೆಡಬಹುದು. ಆದ್ದರಿಂದ ರ‍್ಯಾಮ್ ಅನುಮಾನ ಇರುವ ಮಷೀನಿನಲ್ಲಿ ಕೆಲಸ ಮುಂದುವರಿಸುವುದೂ ತಪ್ಪು, ಅನುಮಾನ ಬಗೆಹರಿಸದೆ ಫಾರ್ಮ್ಯಾಟ್ ಹೊಡೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿಯಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕ ಒಬ್ಬರಿದ್ದಾರೆ. ಮದುವೆ ಕಾರ್ಡು, ಸಂಘದ ನಡಾವಳಿ, ಜಾತ್ರೆ ಕರಪತ್ರ ಎಲ್ಲವೂ ಅಲ್ಲೇ. ನುಡಿಯಲ್ಲಿ ಟೈಪ್ ಮಾಡಿದ ವರ್ಷಗಟ್ಟಲೆಯ ಫೈಲು ಆ ಮಷೀನಿನಲ್ಲಿವೆ. ಇಲಿ ಕಾಟಕ್ಕೆ ಹಳೆ ಕ್ಯಾಬಿನೆಟ್ ಬಿಟ್ಟು ಹೊಸದು ತರಿಸಿದರು. ಡಿಪ್ಲೊಮಾ ಓದುತ್ತಿರುವ ಮಗ ಎಲ್ಲವನ್ನೂ ನೀಟಾಗಿ ಬದಲಾಯಿಸಿದ. ಆನ್ ಮಾಡಿದರೆ 8 ಜಿಬಿ ಇದ್ದದ್ದು 4 ಜಿಬಿ. ಪೇಟೆಯ ಅಂಗಡಿಯಲ್ಲಿ ಮೊದಲು ರ‍್ಯಾಮ್ ಹೋಗಿದೆ ಎಂದರು, ಬೇರೆ ರ‍್ಯಾಮ್ ಹಾಕಿದರು, ಆಗಲೂ 4 ಜಿಬಿ. ಹಾಗಾದರೆ ಸ್ಲಾಟ್ ಸತ್ತಿದೆ ಎಂದರು. ಸ್ಲಾಟ್ ಸತ್ತರೆ ಬೋರ್ಡ್ ಬದಲಾಗಬೇಕು. ಹೊಸ ಬೋರ್ಡಿಗೆ ಹಳೆ ಪ್ರೊಸೆಸರ್ ಕೂರುವುದಿಲ್ಲ, ಅದೂ ಬದಲಾಗಬೇಕು. ಹಳೆಯ ಡಿಡಿಆರ್3 ರ‍್ಯಾಮ್ ಹೊಸ ಬೋರ್ಡಿಗೆ ಹೊಂದುವುದಿಲ್ಲ, ಅದೂ ಹೊಸದು. ವಿಂಡೋಸ್ ಹೊಸದಾಗಿ ಹಾಕಬೇಕು, ಹಳೆ ಫೈಲಿಗೆ ಗ್ಯಾರಂಟಿ ಇಲ್ಲ. ಒಂದು ಮಾತಿನಿಂದ ಶುರುವಾದ ಲೆಕ್ಕ ಹದಿನೆಂಟು ಸಾವಿರಕ್ಕೆ ಹೋಗಿ ನಿಂತಿತ್ತು.

'ಬೋರ್ಡೇ ಹೋಗ್ಯದಂತೆ ಕಣಪ್ಪ, ಸಂಘದಾಗೆ ಸಾಲ ತಗೊಂಬೇಕು' ಅಂತ ಅಕ್ಕ ಹೇಳಿದಾಗ ನಮ್ಮ ಬಳಗದ ಇಬ್ಬರು ಅಲ್ಲಿದ್ದರು. ಒಬ್ಬನಿಗೆ ಕಾಲೇಜಿನ ದಿನಗಳಿಂದಲೂ ಮಷೀನು ಬಿಚ್ಚುವ ಗೀಳು. ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲೆ ಇಟ್ಟು, ಅದೇ ಎರಡು ರ‍್ಯಾಮ್ ಒತ್ತಿ ಕೂರಿಸಿ, ಅದೇ ಪವರ್ ಸಪ್ಲೈ ಕೊಟ್ಟು ಆನ್ ಮಾಡಿದರು. 8 ಜಿಬಿ ಬಂತು. ರ‍್ಯಾಮೂ ಸರಿ, ಸ್ಲಾಟೂ ಸರಿ. ಹಾಗಾದರೆ ತಕರಾರು ಡಬ್ಬಿಯದ್ದು.

ಆಮೇಲೆ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಅವರದ್ದು ಅಗಲ ಕಡಿಮೆ ಇರುವ ಸಣ್ಣ ಬೋರ್ಡು. ಹೊಸ ಕ್ಯಾಬಿನೆಟ್ ದೊಡ್ಡ ಬೋರ್ಡಿಗೂ ಹೊಂದುವಂಥದ್ದು. ರ‍್ಯಾಮ್ ಸ್ಲಾಟ್ ಇರುವ ಬಲಗಡೆಯ ಅಂಚಿಗೆ ಕೆಳಗೆ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತಿತ್ತು. ಹಳೆ ಡಬ್ಬಿಯಲ್ಲಿ ಆ ಅಂಚಿನ ಕೆಳಗೆ ಒಂದು ಪ್ಲಾಸ್ಟಿಕ್ ಮೊಳೆಯಂಥ ಆಸರೆ ಇತ್ತು, ಅದು ಹಳೆ ಡಬ್ಬಿಯಲ್ಲೇ ಉಳಿದುಹೋಗಿತ್ತು. ಡಬ್ಬಿಯೊಳಗೆ ರ‍್ಯಾಮ್ ಒತ್ತಿದಾಗ ಸ್ಲಾಟಿನೊಳಕ್ಕೆ ಇಳಿಯುವ ಬದಲು ಇಡೀ ಬೋರ್ಡು ಬಾಗುತ್ತಿತ್ತು. ಕ್ಲಿಪ್ಪು ಮುಚ್ಚಿದಂತೆ ಕಾಣುತ್ತಿತ್ತು, ಒಂದು ತುದಿ ಮಾತ್ರ ಕೂದಲೆಳೆಯಷ್ಟು ಮೇಲೆ. ಪೇಟೆಯವರು ಬೇರೆ ರ‍್ಯಾಮ್ ಹಾಕಿ ನೋಡಿದ್ದೂ ಆ ಡಬ್ಬಿಯೊಳಗೇ, ಅದೇ ಅಂಚಿನ ಮೇಲೇ. ಹೊರಗೆ ಮೇಜಿನ ಮೇಲೆ ರ‍್ಯಾಮ್ ಪೂರ್ತಿ ಕೂರಿಸಿ, ಹಳೆ ಡಬ್ಬಿಯ ಪ್ಲಾಸ್ಟಿಕ್ ಆಸರೆಯನ್ನು ತಂದು ಹೊಸದಕ್ಕೆ ಸಿಕ್ಕಿಸಿ, ಬೋರ್ಡನ್ನು ಮತ್ತೆ ಕೂರಿಸಿದ್ದಷ್ಟೇ ಕೆಲಸ. ಖರ್ಚು ಇಲ್ಲ. ಹಳೆ ಡಬ್ಬಿ ಗುಜರಿಗೆ ಹೋಗದೆ ಹಿತ್ತಲಲ್ಲಿ ಬಿದ್ದಿದ್ದದ್ದು ಪುಣ್ಯ.

ಡಬ್ಬಿಯಿಂದ ಹೊರಗೆ ತೆಗೆದು ನೋಡುವ ಈ ಪರೀಕ್ಷೆಯನ್ನು ಯಾಕೋ ನಮ್ಮ ಕಡೆ ಯಾರೂ ಮಾಡುವುದಿಲ್ಲ. ಕ್ಯಾಬಿನೆಟ್ ಬದಲಾದ ಮೇಲೆ ಬಂದ ತೊಂದರೆಗೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಒಣಗಿದ ರಟ್ಟು ಅಥವಾ ಮರದ ಹಲಗೆ ಸಾಕು. ಬೋರ್ಡು, ಪ್ರೊಸೆಸರ್ ಮತ್ತು ಅದರ ಫ್ಯಾನು, ಒಂದು ರ‍್ಯಾಮ್, ಪವರ್ ಸಪ್ಲೈ, ಮಾನಿಟರ್, ಇಷ್ಟೇ. ಹೊರಗೆ ಸರಿ ಓಡಿ ಒಳಗೆ ಓಡದಿದ್ದರೆ ಹೊಸ ಸಾಮಾನು ಕೊಳ್ಳುವ ಮಾತೇ ಇಲ್ಲ.

ಒಳಗೆ ಓಡದಿರುವುದಕ್ಕೆ ಇನ್ನೊಂದು ಸಾಮಾನ್ಯ ಕಾರಣ ಹಿತ್ತಾಳೆಯ ಗುಬ್ಬಿಗಳು. ಅಂಗಡಿಯವರು ಸ್ಟ್ಯಾಂಡ್‌ಆಫ್ ಎನ್ನುತ್ತಾರೆ. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯುವುದು ಅವುಗಳ ಕೆಲಸ. ಬೋರ್ಡಿನಲ್ಲಿ ಎಲ್ಲಿ ತೂತು ಇದೆಯೋ ಅಲ್ಲಿ ಮಾತ್ರ ಗುಬ್ಬಿ ಇರಬೇಕು. ತೂತು ಇಲ್ಲದ ಕಡೆ ಒಂದು ಗುಬ್ಬಿ ಉಳಿದರೆ ಅದು ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಾಗಿ ಶಾರ್ಟ್ ಮಾಡುತ್ತದೆ. ಗುಬ್ಬಿಯನ್ನೇ ಹಾಕದೆ ಬೋರ್ಡನ್ನು ನೇರವಾಗಿ ತಗಡಿಗೆ ಸ್ಕ್ರೂ ಹೊಡೆದವರೂ ಇದ್ದಾರೆ. ಅಂಥ ಬೋರ್ಡು ಬದುಕಿ ಉಳಿದರೆ ಅದು ಪವರ್ ಸಪ್ಲೈ ಮಾಡಿದ ಉಪಕಾರ, ಶಾರ್ಟ್ ಆದ ತಕ್ಷಣ ತಾನೇ ನಿಂತು ಕಾಪಾಡಿರುತ್ತದೆ. ಬೋರ್ಡ್ ಇಡುವ ಮೊದಲು ತೂತು ಎಷ್ಟು, ಗುಬ್ಬಿ ಎಷ್ಟು ಎಂದು ಎಣಿಸಿ. ಒಳಗೆ ಬಿದ್ದ ಒಂದು ಸಡಿಲ ಸ್ಕ್ರೂ ಕೂಡ ಇದೇ ಕಿತಾಪತಿ ಮಾಡುತ್ತದೆ. ಡಬ್ಬಿ ಅಲುಗಿಸಿದಾಗ ಗಲ್ ಎಂದರೆ ಆನ್ ಮಾಡಬೇಡಿ.

ಎರಡು ರ‍್ಯಾಮ್, ಎರಡು ಸ್ಲಾಟ್ ಇದ್ದಾಗ ತಪ್ಪು ಯಾರದ್ದು ಎಂದು ತಿಳಿಯಲು ಪಂಚಾಯಿತಿ ಬೇಕಿಲ್ಲ, ತಾಳ್ಮೆ ಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಮೊದಲನೇ ರ‍್ಯಾಮ್ ಮಾತ್ರ ಒಂದು ಸ್ಲಾಟಿಗೆ ಹಾಕಿ ಆನ್ ಮಾಡಿ. ಅದನ್ನು ತೆಗೆದು ಅದೇ ಸ್ಲಾಟಿಗೆ ಎರಡನೆಯದನ್ನು ಹಾಕಿ. ಆಮೇಲೆ ಚೆನ್ನಾಗಿದೆ ಎಂದು ಗೊತ್ತಾದ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿ. ಒಂದು ರ‍್ಯಾಮ್ ಎಲ್ಲಿ ಹಾಕಿದರೂ ಓಡದಿದ್ದರೆ ತಪ್ಪು ಆ ರ‍್ಯಾಮಿನದ್ದು. ಯಾವ ರ‍್ಯಾಮ್ ಹಾಕಿದರೂ ಒಂದು ಸ್ಲಾಟ್ ಮಾತ್ರ ಓಡದಿದ್ದರೆ ತಪ್ಪು ಆ ಸ್ಲಾಟಿನದ್ದು, ಅಥವಾ ಅದರ ಹಿಂದೆ ಇರುವ ಪ್ರೊಸೆಸರಿನದ್ದು. ಬಿಡಿಬಿಡಿಯಾಗಿ ಎಲ್ಲವೂ ಓಡಿ, ಜೊತೆಗೆ ಹಾಕಿದಾಗ ಮಾತ್ರ ಓಡದಿದ್ದರೆ ಎರಡಕ್ಕೂ ಜೋಡಿ ಹೊಂದುತ್ತಿಲ್ಲ ಎಂದರ್ಥ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಂಪನಿಯದ್ದು ಕೊಂಡಾಗ ಹೀಗಾಗುತ್ತದೆ. ಪ್ರತಿ ಸಲವೂ ಏನು ಮಾಡಿದಿರಿ, ಏನಾಯಿತು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ಪೇಟೆಯ ಅಂಗಡಿಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸ್ಲಾಟಿನ ಜೊತೆಗೆ ಪ್ರೊಸೆಸರ್ ಹೆಸರು ಬಂದದ್ದು ಯಾಕೆಂದರೆ, ರ‍್ಯಾಮನ್ನು ನಡೆಸುವ ಕಂಟ್ರೋಲರ್ ಈಗ ಪ್ರೊಸೆಸರಿನೊಳಗೇ ಇದೆ. ಎಎಂಡಿಯವರು 2003ರಲ್ಲಿ, ಇಂಟೆಲ್‌ನವರು 2008ರಲ್ಲಿ ಅದನ್ನು ಬೋರ್ಡಿನಿಂದ ಪ್ರೊಸೆಸರ್ ಒಳಗೆ ತಂದರು. ಆದ್ದರಿಂದ ಪ್ರೊಸೆಸರ್ ಮೇಲಿನ ಫ್ಯಾನನ್ನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಮಾಡಿ ಕೂರಿಸಿದರೂ ಅರ್ಧ ರ‍್ಯಾಮ್ ಮಾಯವಾಗಬಹುದು. ಕ್ಯಾಬಿನೆಟ್ ಬದಲಾಯಿಸುವಾಗ ಧೂಳು ಒರೆಸೋಣ ಎಂದು ಫ್ಯಾನ್ ತೆಗೆದಿದ್ದರೆ ಇದನ್ನು ನೆನಪಿಡಿ. ಇಂಟೆಲ್ ಬೋರ್ಡುಗಳ ಸಾಕೆಟ್ಟಿನಲ್ಲಿ ಕೂದಲಿನಂಥ ಸಣ್ಣ ಪಿನ್ನುಗಳಿರುತ್ತವೆ. ಪ್ರೊಸೆಸರ್ ತೆಗೆದು ಹಾಕುವಾಗ ಒಂದು ಬಾಗಿದರೂ ಸಾಕು. ಬೇಕಿಲ್ಲದಿದ್ದರೆ ಪ್ರೊಸೆಸರ್ ತಂಟೆಗೆ ಹೋಗಬೇಡಿ, ಫ್ಯಾನ್ ಸಮೇತ ಬೋರ್ಡನ್ನು ಹಾಗೇ ಎತ್ತಿ ಹೊಸ ಡಬ್ಬಿಗೆ ಇಡಬಹುದು.

ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಇನ್ನೊಂದು ಸೂಕ್ಷ್ಮ ಇದೆ. ಎರಡೇ ರ‍್ಯಾಮ್ ಇದ್ದಾಗ ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಎಣಿಸಿದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಹತ್ತಿರದ್ದು ಮೊದಲು ಎಂದು ಒಂದು, ಎರಡಕ್ಕೆ ಹಾಕಿದರೆ ಕೆಲವು ನಿಧಾನವಾಗುತ್ತವೆ, ಕೆಲವು ಏಳುವುದೇ ಇಲ್ಲ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಈ ಗೊಂದಲವೇ ಇರುವುದಿಲ್ಲ. ಯಾವ ವೈರು ಎಲ್ಲಿತ್ತು, ಯಾವ ಸ್ಲಾಟಿನಲ್ಲಿ ಏನಿತ್ತು ಎಲ್ಲವೂ ಅದರಲ್ಲಿ ಸಿಗುತ್ತದೆ.

ರಬ್ಬರ್ ವಿಚಾರಕ್ಕೆ ಬರೋಣ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ರಿಪೇರಿಯವರ ರಾಮಬಾಣ. ಕೆಲಸ ಮಾಡುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅರ್ಧದಷ್ಟು ಸಲ ಗುಣವಾಗುವುದು ರಬ್ಬರಿನಿಂದಲ್ಲ, ತೆಗೆದು ಮತ್ತೆ ಗಟ್ಟಿಯಾಗಿ ಹಾಕಿದ್ದರಿಂದ ಎಂಬುದು ನಮ್ಮ ಗುಮಾನಿ. ಉಜ್ಜಲೇಬೇಕಿದ್ದರೆ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಒಂದೆರಡು ಸಲ, ಆಮೇಲೆ ಪುಡಿಯನ್ನು ಪೂರ್ತಿ ಕೊಡವಬೇಕು. ಆ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ರೋಗ ಶುರು. ಒರಟು ರಬ್ಬರಿನಿಂದ ಪ್ರತಿ ತಿಂಗಳು ಉಜ್ಜಿದರೆ ತೆಳುವಾದ ಚಿನ್ನದ ಲೇಪ ಹೋಗಿ ಒಳಗಿನ ತಾಮ್ರ ಕಾಣುತ್ತದೆ.

ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದ ಪ್ಲಗ್ ಕೀಳಬೇಕು. ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ಕರೆಂಟು ಇಳಿಯುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ಕರೆಂಟು ಇರುತ್ತದೆ. ರ‍್ಯಾಮ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಒಮ್ಮೆ ಮುಟ್ಟಿ, ರ‍್ಯಾಮನ್ನು ಅಂಚಿನಲ್ಲಿ ಹಿಡಿಯಿರಿ.

ಇಲ್ಲೇ ಅರ್ಥಿಂಗ್ ಮಾತು ಹೇಳಲೇಬೇಕು. ನಮ್ಮ ಎಷ್ಟೋ ಮನೆ, ಅಂಗಡಿಗಳಲ್ಲಿ ಮೂರು ತೂತಿನ ಪಾಯಿಂಟ್ ಇರುತ್ತದೆ, ಮೂರನೇ ತೂತಿಗೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತದಲ್ಲ, ಅದು ಇದರದ್ದೇ ಕೆಲಸ. ಪವರ್ ಸಪ್ಲೈಯೊಳಗಿನ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನು ಅರ್ಥ್‌ಗೆ ಇಳಿಸಬೇಕು. ಅರ್ಥ್ ಇಲ್ಲದಿದ್ದರೆ ಡಬ್ಬಿಯ ತಗಡು 230 ವೋಲ್ಟಿನ ಸುಮಾರು ಅರ್ಧಕ್ಕೆ ಬಂದು ನಿಲ್ಲುತ್ತದೆ. ಕರೆಂಟು ತೀರಾ ಕಡಿಮೆ ಇರುವುದರಿಂದ ಜುಮ್ ಎಂದಷ್ಟೇ ಅನಿಸುತ್ತದೆ. ಆದರೆ ಅದೇ ಡಬ್ಬಿಗೆ ಮಾನಿಟರು, ಪ್ರಿಂಟರು, ಯುಎಸ್‌ಬಿ ಸಿಕ್ಕಿಸಿ ಕೀಳುವಾಗ ಒಳಗಿನ ನಾಜೂಕು ಚಿಪ್ಪುಗಳಿಗೆ ಒಳ್ಳೆಯದಲ್ಲ. ಹೊಸ ಡಬ್ಬಿಗೆ ದುಡ್ಡು ಹಾಕುವವರು ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಲಿ. ಬಣ್ಣದ ಲೈಟಿನ ಕ್ಯಾಬಿನೆಟ್ ಆಮೇಲೆ ಬರಲಿ.

ಇನ್ನು ಕೆಲವು ತೊಂದರೆಗಳು ತೊಂದರೆಗಳೇ ಅಲ್ಲ. ಶೆಲ್ಲು ತೆಗೆದು ಹಾಕಿದ್ದರೆ ಬೋರ್ಡಿನ ಹಳೆ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಆಗ 3200 ಎಂದು ಬರೆದಿರುವ ರ‍್ಯಾಮ್ 2133 ಅಥವಾ 2400ರ ವೇಗದಲ್ಲಿ ಓಡಬಹುದು. ಕೆಟ್ಟಿಲ್ಲ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಮತ್ತೆ ಆನ್ ಮಾಡಿದರೆ ಮುಗಿಯಿತು. ದಿನಾಂಕವನ್ನೂ ಸರಿ ಮಾಡಿ, ತಾರೀಖು ತಪ್ಪಿದ್ದರೆ ಬ್ರೌಸರ್ ಸರ್ಕಾರಿ ವೆಬ್‌ಸೈಟನ್ನೂ ಸುರಕ್ಷಿತವಲ್ಲ ಎಂದು ತಡೆಯುತ್ತದೆ. ಹೊಸ ಡಿಡಿಆರ್5 ಮಷೀನುಗಳು ರ‍್ಯಾಮ್ ತೆಗೆದು ಹಾಕಿದ ನಂತರ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರುತ್ತವೆ. ಒಂದು ಚಹಾ ಕುಡಿದು ಬನ್ನಿ, ಅವಸರಕ್ಕೆ ಆಫ್ ಮಾಡಬೇಡಿ.

ಮಷೀನು ಆನ್ ಆಗುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿದರೆ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ಬರುತ್ತದೆ. ಎರಡು ರ‍್ಯಾಮ್ ಹಾಕಿದ್ದೀರಿ, ಅಲ್ಲಿ ಒಂದು ಎಂದಿದ್ದರೆ ಕೂತಿಲ್ಲ ಎಂದರ್ಥ. ಎರಡೂ ಕಾಣುತ್ತಿದ್ದು ಹಾರ್ಡ್‌ವೇರ್ ರಿಸರ್ವ್ಡ್ ಎಂಬಲ್ಲಿ ದೊಡ್ಡ ಸಂಖ್ಯೆ ಇದ್ದರೆ ಮೊದಲು ವಿಂಡೋಸ್ ಸೆಟ್ಟಿಂಗ್ ನೋಡಿ. ನಿಮ್ಮದು 32 ಬಿಟ್ ವಿಂಡೋಸ್ ಆಗಿದ್ದರೆ 8 ಜಿಬಿ ಹಾಕಿದರೂ ಅದು 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ, ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಅನುಮಾನ ಉಳಿದರೆ ಸರ್ಚ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂದು ಹುಡುಕಿ ಓಡಿಸಿ. ಅದಕ್ಕಿಂತ ಕಟ್ಟುನಿಟ್ಟಾದದ್ದು ಮೆಮ್‌ಟೆಸ್ಟ್86 ಪ್ಲಸ್. ಪುಕ್ಕಟೆ ಸಿಗುತ್ತದೆ, ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಅದನ್ನು ಸಣ್ಣದು ಎಂದು ಬಿಡಬಾರದು.

ರಿಪೇರಿಯವರನ್ನು ಬೈಯುವುದು ಸುಲಭ. ಆದರೆ ಅವರ ಕಡೆಯಿಂದಲೂ ನೋಡಿ. ಮೇಲೆ ಹೇಳಿದ್ದನ್ನೆಲ್ಲ ಮಾಡಲು ಅರ್ಧ ದಿನ ಬೇಕು. ಕೊನೆಗೆ 'ಏನೂ ಕೆಟ್ಟಿಲ್ಲ, ಸರಿಯಾಗಿ ಕೂತಿರಲಿಲ್ಲ' ಎಂದು ಹೇಳಿದರೆ ನಾವು ಎಷ್ಟು ಕೊಡುತ್ತೇವೆ? ಏನೂ ಹಾಕಿಲ್ಲವಲ್ಲ, ಐವತ್ತು ರೂಪಾಯಿ ತಗೋ ಎನ್ನುತ್ತೇವೆ. ಹೊಸ ರ‍್ಯಾಮ್ ಮಾರಿದರೆ ಹತ್ತು ನಿಮಿಷದಲ್ಲಿ ಅವರಿಗೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಹಸುವಿಗೆ ಹುಷಾರಿಲ್ಲ ಎಂದು ಬಂದ ಡಾಕ್ಟರು ಮುಟ್ಟಿ ನೋಡಿ ಏನೂ ಆಗಿಲ್ಲ ಎಂದರೂ ನಾವು ಫೀಸು ಕೊಡುತ್ತೇವೆ. ಕಂಪ್ಯೂಟರಿಗೂ ನೋಡುವ ಕೂಲಿ ಎಂದು ಕೊಡುವುದನ್ನು ನಾವು ಕಲಿಯಬೇಕು. ಅಂಗಡಿಗೆ ಹೋದ ಕೂಡಲೇ ಹೇಳಿಬಿಡಿ: 'ಅಣ್ಣಾ, ನೋಡಿದ್ದಕ್ಕೆ ಮುನ್ನೂರು ಕೊಡ್ತೀನಿ, ಸಾಮಾನು ಹಾಕಿದ್ರೂ ಹಾಕದಿದ್ರೂ. ಆದ್ರೆ ನನ್ನೆದುರಿಗೇ ಹೊರಗೆ ತೆಗೆದು ನೋಡಿ.' ಈ ಒಂದು ಮಾತಿನಿಂದ ಎಷ್ಟೋ ರ‍್ಯಾಮ್ ಬದುಕುತ್ತವೆ.

ಮಷೀನು ಬಿಟ್ಟು ಬರುವುದಾದರೆ ಒಳಗಿನ ರ‍್ಯಾಮ್, ಹಾರ್ಡ್ ಡಿಸ್ಕುಗಳ ಮೇಲಿನ ಸ್ಟಿಕ್ಕರಿನ ಫೋಟೋ ತೆಗೆದುಕೊಂಡಿರಿ. ಸೀರಿಯಲ್ ನಂಬರು ಅದರಲ್ಲಿರುತ್ತದೆ. ಎಷ್ಟೋ ಕಂಪನಿಗಳು ರ‍್ಯಾಮಿಗೆ ಹಲವು ವರ್ಷಗಳ ವಾರಂಟಿ ಕೊಡುತ್ತವೆ, ನಿಜಕ್ಕೂ ಕೆಟ್ಟಿದ್ದರೆ ಪುಕ್ಕಟೆ ಬದಲಾಗಬಹುದು, ಅದಕ್ಕೆ ಬಿಲ್ಲು ಬೇಕು. ಬಿಲ್ಲು ಕೊಡದೆ, ಹಳೆ ಸಾಮಾನೂ ಕೊಡದೆ ಕಳಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಎಲೆಕ್ಟ್ರಾನಿಕ್ ಸಾಮಾನುಗಳ ಕಂಪನಿಗಳು ರಿಪೇರಿ ಮಾಹಿತಿಯನ್ನು ಗ್ರಾಹಕರಿಗೆ ಕೊಡಲಿ ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಹೋಬಳಿಯಲ್ಲಿ ಒಬ್ಬನಿಗಾದರೂ ಸ್ಕ್ರೂಡ್ರೈವರ್ ಹಿಡಿಯಲು ಬರದಿದ್ದರೆ ಆ ಹಕ್ಕನ್ನು ಪೇಟೆಗೆ ಹೊತ್ತುಕೊಂಡೇ ಹೋಗಬೇಕು.

ಶಾಲೆ, ಕಾಲೇಜುಗಳ ಮೇಲೆ ನಮಗೆ ಇಲ್ಲೇ ಸಿಟ್ಟು. ರ‍್ಯಾಮ್ ಎಂಬುದರ ವಿಸ್ತೃತ ರೂಪ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ, ಒಂದು ರ‍್ಯಾಮನ್ನು ಕೈಯಲ್ಲಿ ಹಿಡಿದು ನೋಡದೆಯೇ ಮಕ್ಕಳು ಅದಕ್ಕೆ ಅಂಕ ಪಡೆಯುತ್ತಾರೆ. ಅದೇ ಶಾಲೆಯ ಲ್ಯಾಬಿನಲ್ಲಿ ಸತ್ತ ಕಂಪ್ಯೂಟರುಗಳ ಸಾಲು, ಮೇಲೆ ಬಟ್ಟೆ. ಮುಟ್ಟಬೇಡಿ, ಸರ್ಕಾರಿ ಸಾಮಾನು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜುವ, ಬೈಕಿನ ಪ್ಲಗ್ ಕ್ಲೀನ್ ಮಾಡುವ ಹುಡುಗರು ನಮ್ಮ ಊರುಗಳಲ್ಲಿ ತುಂಬಿದ್ದಾರೆ. ಕಂಪ್ಯೂಟರ್ ಡಬ್ಬಿ ಅದಕ್ಕಿಂತ ಕಷ್ಟದ್ದಲ್ಲ, ಅದಕ್ಕಿಂತ ಹಗುರ ಕೈ ಬೇಕು ಅಷ್ಟೇ. ಲೆಕ್ಕಪುಸ್ತಕದಿಂದ ಕೈಬಿಟ್ಟ ಒಂದು ಹಳೆ ಮಷೀನನ್ನು ಪವರ್ ಸಪ್ಲೈ ಮುಟ್ಟದಂತೆ ಹೇಳಿ, ಒಂಬತ್ತನೇ ಕ್ಲಾಸಿನವರ ಮುಂದೆ ಇಟ್ಟು ಬಿಚ್ಚಿ ಜೋಡಿಸಲು ಬಿಡಿ. ಹೆಣ್ಣುಮಕ್ಕಳಿಗೆ ಮೊದಲು ಕೊಡಿ. ಹೋಬಳಿಗಳಲ್ಲಿ ಈ ಮಷೀನುಗಳ ಮುಂದೆ ಕೂತು ದಿನವಿಡೀ ಕೆಲಸ ಮಾಡುತ್ತಿರುವವರಲ್ಲಿ ಅವರೇ ಎಷ್ಟೋ ಜನ, ಸ್ಕ್ರೂ ಬಿಚ್ಚುವಾಗ ಮಾತ್ರ ಅಣ್ಣನನ್ನೋ ತಮ್ಮನನ್ನೋ ಕರೆಯುವ ಹಾಗಾಗಿದೆ.

ಅಂಗಡಿ ಅಥವಾ ಕೇಂದ್ರ ನಡೆಸುವವರು ಗುಜರಿಗೆ ಹೋಗುವ ಹಳೆ ಮಷೀನಿನಿಂದ ಒಂದು ಒಳ್ಳೆಯ ರ‍್ಯಾಮ್ ತೆಗೆದಿಡಿ. ಡಿಡಿಆರ್3ಕ್ಕೆ 240 ಹಲ್ಲು, ಡಿಡಿಆರ್4ಕ್ಕೆ 288. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದಿಲ್ಲ, ಒತ್ತಾಯ ಮಾಡಬೇಡಿ. ನಿಮ್ಮ ಬೋರ್ಡಿಗೆ ಹೊಂದುವ ಒಂದು 4 ಜಿಬಿ ತುಂಡು ಸಾಕು. ಓಡಿಸಿ ನೋಡಿ, ಬೆಳ್ಳಿ ಬಣ್ಣದ ಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, 'ಡಿಡಿಆರ್3, 4 ಜಿಬಿ, ಸರಿ ಇದೆ' ಎಂದು ತಾರೀಖು ಸಮೇತ ಚೀಟಿ ಅಂಟಿಸಿ ಬೀರುವಿನಲ್ಲಿಡಿ. ಪಕ್ಕದ ಊರಿನವರು ರ‍್ಯಾಮ್ ಹೋಗಿದೆಯಂತೆ ಎಂದು ಬಂದರೆ ಅವರಿಗೂ ಒಂದು ದಿನಕ್ಕೆ ಕೊಡಿ.